ಕೆರಿಬಿಯನ್ ಕಡಲತೀರದ ರಜೆ: ದ್ವೀಪದ ಹೆಸರಿಗಿಂತ ತೀರದ ದಿಕ್ಕು ಮುಖ್ಯ

ಬಾರ್ಬಡೋಸೋ ಜಮೈಕಾವೋ ಎಂದು ವಾರಗಟ್ಟಲೆ ಚರ್ಚೆ ಮಾಡುವವರು ಹೋಟೆಲು ದ್ವೀಪದ ಯಾವ ಮಗ್ಗುಲಲ್ಲಿದೆ ಎಂದು ನೋಡುವುದೇ ಇಲ್ಲ. ನೀರಿಗಿಳಿಯಲು ಆಗುತ್ತದೋ ಇಲ್ಲವೋ ಎಂಬುದು ಬಹುಪಾಲು ಅದರ ಮೇಲೇ ನಿಂತಿದೆ. ಇಲ್ಲಿ ವಾಣಿಜ್ಯ ಮಾರುತ ವರ್ಷದ ಹೆಚ್ಚಿನ ಕಾಲ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಬಾರ್ಬಡೋಸ್‌ನ ಪೂರ್ವ ತೀರದ ಬಾತ್‌ಶೀಬಾದಲ್ಲಿ ಅಲೆ ಸರ್ಫಿಂಗ್‌ನವರಿಗೆ ಹಬ್ಬ, ಈಜುವವರಿಗೆ ಅಪಾಯ. ಅದೇ ದ್ವೀಪದ ಪಶ್ಚಿಮದಲ್ಲಿ, ಹೋಲ್‌ಟೌನ್ ಸುತ್ತಮುತ್ತ, ನೀರು ಸಾಮಾನ್ಯವಾಗಿ ಕೆರೆಯಷ್ಟು ಶಾಂತ. ಮಕ್ಕಳು ಜೊತೆಗಿದ್ದರೆ ಪಶ್ಚಿಮವನ್ನೇ ಹಿಡಿಯಿರಿ. ಉತ್ತರ ತೀರದ ಲೆಕ್ಕ ಬೇರೆ: ಪೋರ್ಟೊ ರಿಕೋದಂಥ ಕಡೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಟ್ಲಾಂಟಿಕ್‌ನ ದೂರದ ಬಿರುಗಾಳಿಗಳು ಎಬ್ಬಿಸಿದ ದೊಡ್ಡ ಅಲೆಗಳು ಬಿಸಿಲಿರುವ ದಿನವೂ ಬಂದು ಬಡಿಯುತ್ತವೆ.

ಸರ್ಗಾಸಮ್ ಎಂಬ ಕಂದು ಕಡಲಕಳೆಯನ್ನು ಹೊತ್ತು ತರುವುದೂ ಇದೇ ಗಾಳಿ ಮತ್ತು ಪ್ರವಾಹ. ವಸಂತದಿಂದ ಬೇಸಿಗೆ ಮುಗಿಯುವವರೆಗೆ ಪೂರ್ವ ತೀರಗಳಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾ ಮತ್ತು ಮೆಕ್ಸಿಕೋದ ಟುಲುಮ್ ಕಡೆಯೂ, ರಾಶಿ ಬೀಳುತ್ತದೆ. ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹೊರಟು ಕೊಳೆತ ಮೊಟ್ಟೆಯ ನಾತ. ಆಸ್ತಮಾ ಇರುವವರು ಹತ್ತಿರ ಹೋಗಬಾರದು. ಹೋಟೆಲಿನ ಜಾಹೀರಾತು ಚಿತ್ರಗಳನ್ನು ನಂಬದೆ, ಪ್ರವಾಸಿಗರು ಅದೇ ವಾರ ಹಾಕಿದ ಫೋಟೋಗಳನ್ನು ನೋಡಿ.

ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಅದರಲ್ಲಿ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗಿನದು ತೀವ್ರ ಕಾಲ. ಆಗಲೇ ರಜೆ ಸಿಗುವುದಾದರೆ ಅರೂಬಾ, ಬೊನೇರ್, ಕ್ಯುರಸಾವ್ ಒಳ್ಳೆಯ ಆಯ್ಕೆ; ಅವು ಚಂಡಮಾರುತದ ಮುಖ್ಯ ಪಥದಿಂದ ದಕ್ಷಿಣಕ್ಕಿವೆ. ವಿಮೆಯನ್ನು ಟಿಕೆಟ್ಟಿನ ಜೊತೆಗೇ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಸಾಮಾನ್ಯವಾಗಿ ಆ ನಷ್ಟಕ್ಕೆ ಒದಗುವುದಿಲ್ಲ. ವಿಮಾನ ಮಯಾಮಿ ಮೂಲಕ ಹೋಗುವುದಾದರೆ, ಅಮೆರಿಕ ಪ್ರವೇಶಕ್ಕೆ ವೀಸಾ ಬೇಕಾದವರಿಗೆ ಬರೀ ವಿಮಾನ ಬದಲಿಸಲೂ ವೀಸಾ ಬೇಕು.

ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಸಂಜೆಯವರೆಗೆ ತಿಳಿಯುವುದೇ ಇಲ್ಲ. ವಯಸ್ಕರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಸನ್‌ಸ್ಕ್ರೀನ್ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಂದರೆ 100 ಮಿ.ಲೀ. ಬಾಟಲಿ ಮೂರೇ ಸಲಕ್ಕೆ ಖಾಲಿ. ಸ್ನಾರ್ಕೆಲಿಂಗ್ (ಉಸಿರು ಕೊಳವೆ ಕಚ್ಚಿ, ಮುಖ ನೀರಿಗಿಟ್ಟು ತೇಲುವುದು) ಮಾಡುವವರ ಬೆನ್ನು, ಮೀನಖಂಡ, ಕತ್ತಿನ ಹಿಂಭಾಗ ಮೊದಲು ಸುಡುತ್ತವೆ. ತುಂಬುತೋಳಿನ ಈಜುಡುಪು ಯಾವ ಕ್ರೀಮಿಗಿಂತಲೂ ಮೇಲು. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿಕರವೆಂದು ಅರೂಬಾ, ಬೊನೇರ್ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಅದಿರುವ ಕ್ರೀಮಿಗೆ ನಿಷೇಧವಿದೆ. ಜಿಂಕ್ ಆಕ್ಸೈಡ್ ಇರುವುದನ್ನು ಒಯ್ಯಿರಿ.

ನೆರಳು ಹುಡುಕುವಾಗ ಮರ ನೋಡಿ ಕೂರಿ. ಮ್ಯಾಂಚಿನೀಲ್ ಮರದ ಹಾಲು ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಮಳೆಯಲ್ಲಿ ಅದರಡಿ ನಿಂತರೂ ಸಾಕು, ತೊಟ್ಟಿಕ್ಕುವ ನೀರೇ ಸುಡುತ್ತದೆ. ಚಿಕ್ಕ ಹಸಿರು ಸೇಬಿನಂಥ ಅದರ ಹಣ್ಣು ವಿಷ. ಕೆಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಕಡೆಯೂ ಅಲ್ಲ. ಮುಸ್ಸಂಜೆ ಗಾಳಿ ನಿಂತಾಗ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣಗಳು ಕಚ್ಚುತ್ತವೆ. ಕಾಲಿಗೆ ಕೀಟನಿವಾರಕ ಹಚ್ಚಿಕೊಳ್ಳಿ. ಊಟಕ್ಕೆ ಬರಾಕುಡಾದಂಥ ದೊಡ್ಡ ಹವಳದಂಡೆಯ ಮೀನು ಬೇಡ. ಅದರಲ್ಲಿರಬಹುದಾದ ಸಿಗ್ವಟೆರಾ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ನೀರಿನ ಸೆಳೆತ ದಡದಿಂದ ಕಡಲಿನತ್ತ ಎಳೆದರೆ ದಡದತ್ತ ಗುದ್ದಾಡಬೇಡಿ. ದಡಕ್ಕೆ ಸಮಾಂತರವಾಗಿ ಈಜಿ, ಸೆಳೆತ ದಾಟಿದ ಮೇಲೆ ದಡದ ಕಡೆ ತಿರುಗಿ. ಈಜಲು ಶಕ್ತಿಯಿಲ್ಲದಿದ್ದರೆ ತೇಲುತ್ತಾ ಕೈ ಬೀಸಿ.

ಸೇಂಟ್ ಲೂಸಿಯಾದಂಥ ಹಲವು ದ್ವೀಪಗಳಲ್ಲಿ ನಡೆಯುವ ಪೂರ್ವ ಕೆರಿಬಿಯನ್ ಡಾಲರ್ 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಸ್ಥಿರ, ಬಾರ್ಬಡೋಸ್‌ನದು 2. ಟ್ಯಾಕ್ಸಿಯವರು ದರ ಹೇಳಿದಾಗ ಯಾವ ಡಾಲರ್ ಎಂದು ಹತ್ತುವ ಮೊದಲೇ ಕೇಳಿ. ಮಾರ್ಟಿನೀಕ್, ಗ್ವಾಡಲೂಪ್‌ಗಳಲ್ಲಿ ಯೂರೋ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್, ಸೇಂಟ್ ಲೂಸಿಯಾಗಳಲ್ಲಿ ಸೈನಿಕರ ಸಮವಸ್ತ್ರದಂಥ ಚಿತ್ತಾರದ (ಕ್ಯಾಮೊಫ್ಲಾಜ್) ಬಟ್ಟೆ ತೊಡುವುದು ಅಪರಾಧ, ಮಕ್ಕಳದ್ದಾದರೂ ಸರಿ. ಅಂಥ ಚಡ್ಡಿ, ಟೋಪಿ, ಚೀಲ ಮನೆಯಲ್ಲೇ ಇರಲಿ. ಹವಳದ ಚೂರನ್ನು ಹೆಕ್ಕಿ ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ಮುಟ್ಟುಗೋಲಾಗಬಹುದು.