ದಾನಪತ್ರದಲ್ಲಿ ನಾನು ಬಿಟ್ಟ ಒಂದು ಸಾಲು

ಗಂಗಾವತಿಯಲ್ಲಿ ದಸ್ತಾವೇಜು ಬರೆಯುವ ಕೆಲಸ ನನ್ನದು. ಒಮ್ಮೆ ಒಬ್ಬ ಅಜ್ಜಿ ಕ್ಯಾರಿಬ್ಯಾಗಿನಿಂದ ಹಳೆಯ ದಾನಪತ್ರ ತೆಗೆದು ಮುಂದಿಟ್ಟಳು. ಕಾಲುವೆ ಕೆಳಗಿನ ಎರಡೂವರೆ ಎಕರೆ ಭತ್ತದ ಗದ್ದೆ ಮಗನಿಗೆ ಬರೆದುಕೊಟ್ಟಿದ್ದಳು. ಮಗ ಅದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿ ಬೆಂಗಳೂರು ಸೇರಿದ್ದ. 'ಒಂದ್ ಚೀಲ ನೆಲ್ಲೂ ಮನಿಗೆ ಬರಂಗಿಲ್ರಿ' ಅಂದಳು. ಕೊನೆಯ ಹಾಳೆ ತಿರುವಿದೆ. ಬಿಕ್ಕಲಂ, ಅಂದರೆ ಪತ್ರ ಬರೆದವನು, ಅಂತ ನನ್ನದೇ ಸಹಿ.

'ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿರುತ್ತೇನೆ' ಎಂದಷ್ಟೇ ಬರೆದಿದ್ದೆ. ನಾವೆಲ್ಲ ಬರೆಯುವುದೇ ಹಾಗೆ. ಅಲ್ಲೇ ಎಡವಟ್ಟು.

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ-ಪೋಷಣೆಯ ಕಾಯ್ದೆ 2007ರದ್ದು. ಅದರ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ತಪ್ಪಿದರೆ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಇದ್ದದ್ದನ್ನು ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಗೆ ಅದೇ ಕೋರ್ಟ್ ಆಸ್ತಿ ವಾಪಸ್ ಕೊಡಿಸಿತು. ಆಕೆಯ ಮಗ ನೋಡಿಕೊಳ್ಳುತ್ತೇನೆಂದು ಬೇರೆ ಹಾಳೆಯಲ್ಲೂ ಬರೆದುಕೊಟ್ಟಿದ್ದ.

ಹಾಗಾಗಿ ಪತ್ರದಲ್ಲಿ ಹೀಗೆ ಬರೆಸಿ: 'ನನ್ನ ಹಾಗೂ ನನ್ನ ಪತ್ನಿಯ ಜೀವಿತಾವಧಿಯವರೆಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ನೋಡಿಕೊಳ್ಳುವ ಷರತ್ತಿನ ಮೇಲೆ ಈ ದಾನ ಕೊಟ್ಟಿರುತ್ತೇನೆ. ತಪ್ಪಿದಲ್ಲಿ ರದ್ದುಪಡಿಸಿಕೊಳ್ಳುವ ಹಕ್ಕು ನನಗಿರುತ್ತದೆ.' ಬರೆಯುವವ 'ಬ್ಯಾಡ ಬಿಡ್ರಿ, ಮಗಾ ಏನ್ ಅಂದ್ಕೊಂತಾನ' ಅಂದರೆ ಎದ್ದು ಪಕ್ಕದ ಟೇಬಲ್ಲಿಗೆ ಹೋಗಿ. ಇರುವ ಮನೆಯಲ್ಲಿ ಸಾಯುವತನಕ ವಾಸದ ಹಕ್ಕು ನಿಮಗೇ ಉಳಿಯುವಂತೆಯೂ ಬರೆಸಿ. ಹೆಣ್ಣುಮಕ್ಕಳಿಗೆ ಕೊಟ್ಟರೂ ಇದೇ ಸಾಲು. ಪೋಷಣೆಯ ಹೊಣೆಯಲ್ಲಿ ಕಾಯ್ದೆ ಮಗ, ಮಗಳು ಅಂತ ಭೇದ ಮಾಡಿಲ್ಲ.

ಅವಸರ ಇಲ್ಲದಿದ್ದರೆ ದಾನಪತ್ರವೇ ಬೇಡ, ವಿಲ್ ಸಾಕು. ಬದುಕಿರುವತನಕ ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ, ಮನಸ್ಸು ಬದಲಾದರೆ ಇನ್ನೊಂದು ಬರೆಸಬಹುದು. ಪಿತ್ರಾರ್ಜಿತ ಜಮೀನಾದರೆ ಲೆಕ್ಕವೇ ಬೇರೆ, ವಕೀಲರನ್ನು ಕೇಳಿ.

ಈಗಾಗಲೇ ಬರೆದುಕೊಟ್ಟು ಕೂತವರು ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ, ಅರ್ಜಿ ಹಾಕಬೇಕು. ನಮ್ಮವರಿಗೆ ಕೊಪ್ಪಳ. ಆಧಾರ್, ದಾನಪತ್ರದ ನಕಲು, ಪಹಣಿ, ಆಸ್ಪತ್ರೆ ಚೀಟಿ, ಮಕ್ಕಳ ಈಗಿನ ವಿಳಾಸ ಒಯ್ಯಿರಿ. ವಿಳಾಸ ತಪ್ಪಿದರೆ ನೋಟಿಸ್ ಮುಟ್ಟುವುದಿಲ್ಲ, ಮತ್ತೆ ಮತ್ತೆ ಓಡಾಟ. ಪೋಷಣೆಯ ಅರ್ಜಿಯನ್ನು ನೋಟಿಸ್ ಜಾರಿಯಾದ 90 ದಿನದೊಳಗೆ ಮುಗಿಸಬೇಕು ಎನ್ನುತ್ತದೆ ಕಾಯ್ದೆ. ಅದರಡಿ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ದಾರಿ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ.

ಅಜ್ಜಿಗೂ ಅರ್ಜಿ ಬರೆದುಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ತಿಂಗಳಿಗೆ ನಾಲ್ಕು ಸಾವಿರ ಕೊಡಬೇಕೆಂದು ಆದೇಶವಾಯಿತು. ಗದ್ದೆ ಮಾತ್ರ ಬರಲಿಲ್ಲ.

ಆಮೇಲಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಸಹಿಗೆ ಮುಂಚೆ ಆ ಸಾಲನ್ನು ಮಗನ ಕೈಲೇ ಗಟ್ಟಿಯಾಗಿ ಓದಿಸುತ್ತೇನೆ. ಮೊನ್ನೆ ಒಬ್ಬ ಹುಡುಗ 'ಔಷಧೋಪಚಾರ' ಅನ್ನುವಲ್ಲಿ ನಿಂತ. ಏನೋ ತಕರಾರು ಬಂತು ಅಂದುಕೊಂಡೆ. 'ಅಪ್ಪಗ ಶುಗರ್ ಐತ್ರಿ, ಗುಳಿಗಿ ಅಂತ ಬ್ಯಾರೆನೇ ಬರೀರಿ' ಅಂದ.