ರಾಯಭಾರ ಕಚೇರಿ ಕಟ್ಟುವಾಗ ಮುಂದೆ ಬರುವವರಿಗೂ ಜಾಗ: ನನ್ನ ಅನುಭವ

ರಾಯಭಾರ ಕಚೇರಿಯ ಯೋಜನೆ ಕೈಗೆ ಬಂದಾಗ ನಾನು ನಿವೇಶನದ ನಕ್ಷೆಗಿಂತ ಮೊದಲು ಹುದ್ದೆಗಳ ಪಟ್ಟಿ ಕೇಳುತ್ತೇನೆ. ಅದರಲ್ಲಿ ಬರೀ ಒಟ್ಟು ಸಂಖ್ಯೆ ಇದ್ದರೆ ವಾಪಸ್ ಕಳಿಸುತ್ತೇನೆ. ಚಾಲಕರಿಗೆ, ಕಾವಲಿನವರಿಗೆ ಮೇಜು ಬೇಡ. ಲಾಕರ್, ವಿಶ್ರಾಂತಿ ಕೋಣೆ, ಪಾರ್ಕಿಂಗ್ ಬೇಕು. ಗೋಪ್ಯ ಕಡತ ನೋಡುವವರಿಗೆ ಭದ್ರ ವಲಯದಲ್ಲೇ ಮೇಜು ಬೇಕು. ಅಲ್ಲಿಯ ಜಾಗ ಸಾಮಾನ್ಯ ಕಚೇರಿಯ ಜಾಗಕ್ಕಿಂತ ಬಹಳ ದುಬಾರಿ, ಆಮೇಲೆ ಹಿಗ್ಗಿಸುವುದಂತೂ ತೀರಾ ಕಷ್ಟ. ಆದ್ದರಿಂದ ಮುಂದೆ ಎಷ್ಟು ಜನ ಹೆಚ್ಚಬಹುದು ಎಂಬುದನ್ನೂ ವಲಯವಾರು ಬರೆಸಿಕೊಳ್ಳುತ್ತೇನೆ.

ಬೇರೆ ಕಚೇರಿಗಳಾದರೆ ಜನ ಹೆಚ್ಚಿದಾಗ ಪಕ್ಕದ ಕಟ್ಟಡದಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿಯುತ್ತವೆ. ಇಲ್ಲಿ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಮೆರಿಕ ಕಾನೂನು ತಂದಿತು: ಹೊಸ ಕಟ್ಟಡ ಆವರಣದ ಅಂಚಿನಿಂದ ಕನಿಷ್ಠ 100 ಅಡಿ ಒಳಗಿರಬೇಕು, ಅಲ್ಲಿರುವ ತನ್ನ ಎಲ್ಲ ಇಲಾಖೆಗಳ ಸಿಬ್ಬಂದಿ ಒಂದೇ ಆವರಣದಲ್ಲಿರಬೇಕು ಎಂಬುದು ಆಗಿನ ನಿಯಮ. ವಿನಾಯಿತಿಗೆ ಅವಕಾಶವಿದ್ದರೂ ಅದನ್ನು ನಂಬಿಕೊಂಡು ಯೋಜನೆ ಮಾಡುವಂತಿರಲಿಲ್ಲ. ನಾನು ಕೆಲಸ ಮಾಡಿದ್ದು ಬೇರೆ ಸರ್ಕಾರಕ್ಕಾದರೂ ಅಳತೆಗೆ ಇದನ್ನೇ ಹಿಡಿದೆ.

ಜಾಗ ಪುಕ್ಕಟೆ ಎಂದರೆ ಪ್ರತಿ ಇಲಾಖೆಯೂ ನಾಲ್ಕು ಮೇಜು ಹೆಚ್ಚೇ ಕೇಳುತ್ತದೆ. ಅಮೆರಿಕ 2005ರ ಆರ್ಥಿಕ ವರ್ಷದಿಂದ ಹುದ್ದೆಗಳ ಲೆಕ್ಕದಲ್ಲಿ ನಿರ್ಮಾಣ ವೆಚ್ಚವನ್ನು ಇಲಾಖೆಗಳಿಗೆ ಹಂಚುತ್ತಿದೆ. ನನಗೆ ಅದು ಸರಿಯಾದ ಕ್ರಮ ಅನಿಸುತ್ತದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಕೇಳಿದ ಪ್ರತಿ ಹೆಚ್ಚುವರಿ ಹುದ್ದೆಗೂ ಕಾರಣ ಬರೆಸಿ, ಇಲಾಖೆಯ ಹಿರಿಯರ ಸಹಿ ಹಾಕಿಸಿದೆ. ಪಟ್ಟಿ ಗಣನೀಯವಾಗಿ ಇಳಿಯಿತು. ಇನ್ನೊಂದು ಮಾತು: ನಾವು ಬಯಸಿದಷ್ಟು ಜನರನ್ನು ಆತಿಥೇಯ ದೇಶ ಒಪ್ಪಲೇಬೇಕೆಂದಿಲ್ಲ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 11ನೇ ವಿಧಿಯಂತೆ, ಎರಡು ದೇಶಗಳ ನಡುವೆ ಈ ಬಗ್ಗೆ ಬೇರೆ ಒಪ್ಪಂದವಿಲ್ಲದಿದ್ದರೆ, ಸಿಬ್ಬಂದಿಯ ಗಾತ್ರ ಮಿತಿಯಲ್ಲಿರಲಿ ಎಂದು ಆ ದೇಶ ಹೇಳಬಹುದು.

ಇಷ್ಟಾದರೂ ಅಂದಾಜು ಅಂದಾಜೇ. ಪಟ್ಟಿ ಸಿದ್ಧವಾಗಿ ಬಾಗಿಲು ತೆರೆಯುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ, ಅಷ್ಟರಲ್ಲಿ ಎರಡು ದೇಶಗಳ ಸಂಬಂಧವೇ ಬದಲಾಗಿರಬಹುದು. ಅದಕ್ಕೇ ನಾನು ಖಾಲಿ ಮೇಜುಗಳಿಗಿಂತ ಆಮೇಲೆ ಸೇರಿಸಲಾಗದ ಸಂಗತಿಗಳಿಗೆ ಹಣ ಕೇಳಿದೆ: ಪೈಪು, ಕೇಬಲ್ ಮಹಡಿಯಿಂದ ಮಹಡಿಗೆ ಹಾಯುವ ಅಗಲವಾದ ಶಾಫ್ಟ್, ದೊಡ್ಡ ಕೊಳಚೆ ಪೈಪು, ಇನ್ನೊಂದು ಜನರೇಟರಿಗೆ ಅಡಿಪಾಯ, ವೀಸಾ ಸಭಾಂಗಣದಲ್ಲಿ ಅರ್ಜಿದಾರರ ಕಿಟಕಿ ಹೆಚ್ಚಿಸಲು ಉದ್ದನೆಯ ಗೋಡೆ.

ಮೇಲೆ ಇನ್ನೊಂದು ಮಹಡಿ ಏರಿಸುವಂತೆ ಕಂಬ ಹಾಕೋಣ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಭದ್ರ ವಲಯದ ನೆತ್ತಿಯ ಮೇಲೆ ಕೂಲಿಯವರು ತಿಂಗಳುಗಟ್ಟಲೆ ಕೊರೆಯುತ್ತಿದ್ದರೆ ಕೆಳಗೆ ಗೋಪ್ಯ ಕೆಲಸ ನಡೆಯುವುದು ಹೇಗೆ? ಅದರ ಬದಲು, ಗಡಿಯಿಂದ ಬಿಡಬೇಕಾದ ಅಂತರ ಬಿಟ್ಟು ಒಳಗೇ ಒಂದು ಉಪಕಟ್ಟಡದ ಜಾಗ ಗುರುತಿಸಿದೆವು. ನೀರು, ವಿದ್ಯುತ್, ಕೇಬಲ್ ಕೊಳವೆಗಳನ್ನು ಅಲ್ಲಿಯವರೆಗೆ ಎಳೆದು ಬಾಯಿ ಮುಚ್ಚಿಸಿದೆವು. ಖಾಲಿ ಜಾಗ ಕಂಡರೆ ಟೆನಿಸ್ ಅಂಕಣ, ಗೋದಾಮು ಎಂದು ಬೇಡಿಕೆ ಬರುತ್ತದೆ; ಆದ್ದರಿಂದ ಹಸ್ತಾಂತರದ ದಾಖಲೆಯಲ್ಲೇ ಅಲ್ಲಿ ಹುಲ್ಲುಹಾಸಿನ ಹೊರತು ಬೇರೇನೂ ಬರಕೂಡದೆಂದು ನಕ್ಷೆಸಹಿತ ಬರೆದಿಟ್ಟೆವು.