ಡ್ರೈವರ್ ಪಕ್ಕಕ್ಕಿಡಿ, ಮೊದಲು ಪಟರ್ ಹಿಡಿಯಿರಿ

ಗಾಲ್ಫ್ ಕಲಿಯಲು ಹೋದ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ: ಡ್ರೈವರ್ (ದೂರ ಹೊಡೆಯುವ ಕೋಲು) ಎತ್ತಿಕೊಂಡು ಚೆಂಡನ್ನು ಆದಷ್ಟು ದೂರ ಅಟ್ಟುವುದು. ಅದರಲ್ಲಿ ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಆಡುವುದನ್ನು ನೋಡಿದರೆ, ಕಲಿಕೆ ಕುಳಿಯ ಹತ್ತಿರದಿಂದ ಶುರುವಾಗಬೇಕು ಅನ್ನಿಸುತ್ತದೆ.

2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಲ್ಲ? ಗಾಲ್ಫ್ ಗಂಧಗಾಳಿ ಇಲ್ಲದವರೂ ಬೆಳ್ಳಂಬೆಳಗ್ಗೆ ಎದ್ದು ಟಿ.ವಿ. ಮುಂದೆ ಕೂತಿದ್ದರು. ಅದಿತಿ ನಾಲ್ಕು ಸುತ್ತುಗಳಲ್ಲಿ 67, 66, 68, 68 ಹೊಡೆತಗಳಲ್ಲಿ ಆಡಿ 4ನೇ ಸ್ಥಾನ ಪಡೆದರು. ಒಂದೇ ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಪ್ಲೇಆಫ್‌ನಲ್ಲಿ (ಸಮಬಲವಾದವರ ನಡುವೆ ಮತ್ತೆ ಆಡಿಸುವ ಆಟ) ಇರುತ್ತಿದ್ದರು. ಅಲ್ಲಿ ಅವರ ಕ್ಯಾಡಿ (ಕೋಲುಗಳ ಚೀಲ ಹೊತ್ತು ಜೊತೆಗಿರುವವರು) ಅಮ್ಮನೇ. ಅದಕ್ಕೂ ಮುಂಚೆ ಕೋವಿಡ್ ಬಂದು ಹೋಗಿ ಹೊಡೆತದ ದೂರ ತಗ್ಗಿತ್ತು. ಡ್ರೈವ್ ದೂರದ ಪಟ್ಟಿಯಲ್ಲಿ ಅವರು ತಳದ ಕಡೆ ಇದ್ದರು. ಆ ಕೊರತೆಯನ್ನು ತುಂಬಿಕೊಟ್ಟಿದ್ದು ಪಟರ್, ಅಂದರೆ ಚೆಂಡನ್ನು ಕುಳಿಯತ್ತ ಉರುಳಿಸುವ ಕೋಲು.

ಲೆಕ್ಕ ಸುಲಭ. ಪಾರ್ ಅಂದರೆ ಒಳ್ಳೆಯ ಆಟಗಾರರಿಗೆ ಇಷ್ಟು ಹೊಡೆತ ಬೇಕು ಎಂಬ ಲೆಕ್ಕ. ಪಾರ್ 72ರ ಮೈದಾನದಲ್ಲಿ 18 ಕುಳಿಗೂ ತಲಾ ಎರಡು ಪಟ್ (ಪಟರ್ ಹೊಡೆತ) ಎಂದು ಹಿಡಿದೇ ಪಾರ್ ಹಾಕಿರುತ್ತಾರೆ. ಅಂದರೆ 36 ಹೊಡೆತ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲು) ಮೇಲೆಯೇ.

ಮೊದಲು ನಿಲುವು. ಪಾದಗಳು ಭುಜದಷ್ಟು ಅಗಲ, ಕಣ್ಣು ಹೆಚ್ಚುಕಡಿಮೆ ಚೆಂಡಿನ ನೇರ ಮೇಲೆ ಬರಲಿ. ಪಟರ್ ಹಿಡಿತ ಸಡಿಲವಾಗಿರಲಿ. ಭುಜಗಳು ಗಡಿಯಾರದ ಲೋಲಕದ ಹಾಗೆ ಆಚೀಚೆ ತೂಗಬೇಕು, ಮಣಿಕಟ್ಟು ಸುಮ್ಮನಿರಬೇಕು. ಚೆಂಡು ಹೊರಟ ಕೂಡಲೇ ತಲೆ ಎತ್ತಿ ನೋಡುವ ಚಟ ಎಲ್ಲರಿಗೂ ಇರುತ್ತದೆ. ಬೇಡ. ಮೂರು ಅಡಿಯ ಪಟ್ ಆದರೆ ಚೆಂಡು ಬಿದ್ದ ಸದ್ದು ಕಿವಿಗೇ ಕೇಳುತ್ತದೆ.

ನೇರ ಹೊಡೆಯುವುದನ್ನು ಕಲಿಯಲು ಎರಡು ಟೀ ಕಡ್ಡಿ (ಚೆಂಡನ್ನು ಎತ್ತರಿಸಿ ಇಡುವ ಪುಟ್ಟ ಗೂಟ) ಸಾಕು. ಕುಳಿಯಿಂದ ಮೂರು ಅಡಿ ದೂರದಲ್ಲಿ, ಪಟರ್ ತಲೆ ಸ್ವಲ್ಪವೇ ಜಾಗ ಬಿಟ್ಟು ದಾಟುವ ಹಾಗೆ ಎರಡೂ ಕಡೆ ಚುಚ್ಚಿ. ಕಡ್ಡಿಗೆ ತಾಗದೆ ಹೊಡೆಯಿರಿ. ಮನೆಯಲ್ಲಾದರೆ ಕಡ್ಡಿ ಬದಲು ಎರಡು ಪುಸ್ತಕ ಇಟ್ಟು ಜಮಖಾನದ ಮೇಲೂ ಮಾಡಬಹುದು.

ಆಮೇಲೆ ದೂರದ ಅಂದಾಜು. ನನ್ನ ಪ್ರಕಾರ ಇದೇ ಅಸಲಿ ವಿದ್ಯೆ. 10, 20, 30 ಅಡಿಯಲ್ಲಿ ಗುರುತಿಟ್ಟುಕೊಂಡು ಒಂದೊಂದು ಕಡೆಯಿಂದಲೂ ಹೊಡೆಯಿರಿ. ಜೋರು ಬೇಕಾದಾಗ ಪಟರನ್ನು ಹೆಚ್ಚು ಹಿಂದಕ್ಕೆ ಒಯ್ಯಿರಿ, ಕುಕ್ಕಿ ಹೊಡೆಯಬೇಡಿ. 30 ಅಡಿಯಿಂದ ಕುಳಿಗೆ ಹಾಕುವ ಆಸೆ ಬಿಡಿ. ಚೆಂಡು ಕುಳಿಯ ಮೂರು ಅಡಿಯೊಳಗೆ ನಿಂತರೆ ಗೆದ್ದಂತೆ. ಹವ್ಯಾಸಿಗಳ ಅಂಕ ಮೂರನೇ ಪಟ್‌ನಿಂದಲೂ ಕೆಡುತ್ತದೆ.

ಗ್ರೀನ್ ಓದುವುದಕ್ಕೆ ಇಳಿಜಾರಿನ ಕೆಳಗಿನ ಬದಿಗೆ ಹೋಗಿ ನಿಲ್ಲಿ. ಇಲ್ಲಿ ನೀರು ಸುರಿದರೆ ಯಾವ ಕಡೆ ಹರಿಯುತ್ತದೆ ಎಂದು ಕೇಳಿಕೊಳ್ಳಿ. ಚೆಂಡು ವಾಲುವುದೂ ಆ ಕಡೆಗೇ. ವೇಗ ಇಳಿದಷ್ಟೂ ವಾಲುವುದು ಹೆಚ್ಚು, ಹಾಗಾಗಿ ಕುಳಿಯ ಹತ್ತಿರದ ಇಳಿಜಾರನ್ನು ಗಮನವಿಟ್ಟು ನೋಡಿ. ಹೊಸಬರು ವಾಲನ್ನು ಕಡಿಮೆ ಅಂದಾಜು ಮಾಡುತ್ತಾರೆ, ಚೆಂಡು ಕುಳಿಯ ಕೆಳಗಿನ ಬದಿಯಲ್ಲಿ ಜಾರಿ ಹೋಗುತ್ತದೆ.

ಚಿಪ್ ಹೊಡೆತಕ್ಕೆ (ಗ್ರೀನ್ ಪಕ್ಕದಿಂದ ಚೆಂಡನ್ನು ತುಸು ಎತ್ತಿ ಹಾಕುವುದು) ಇಷ್ಟು ಸಾಕು: ಬಲಗೈ ಆಟಗಾರರಾದರೆ ಭಾರ ಎಡಗಾಲಿನ ಮೇಲೆ, ಕೈಗಳು ಚೆಂಡಿಗಿಂತ ತುಸು ಮುಂದೆ. ಚೆಂಡು ಬೇಗ ಗ್ರೀನ್‌ಗೆ ಇಳಿದು ಉಳಿದ ದೂರ ಉರುಳಿ ಹೋಗಲಿ. ಪೂರ್ತಿ ಸ್ವಿಂಗ್ ಮಾತ್ರ ಲೇಖನ ಓದಿ ಬರುವಂಥದ್ದಲ್ಲ. ಅದಕ್ಕೆ ಕೋಚ್ ಬೇಕು.

ಇನ್ನು ತಂತ್ರ. ಕುಳಿಯಿಂದ ಹಿಂದಕ್ಕೆ ಯೋಚಿಸಿ. ಏರಿನ ಪಟ್ ಸುಲಭ, ಇಳಿಜಾರಿನದು ಕಷ್ಟ. ಆದ್ದರಿಂದ ಚಿಪ್ ಮಾಡುವಾಗಲೇ ಚೆಂಡು ಕುಳಿಯ ಕೆಳಗೆ ನಿಲ್ಲುವ ಹಾಗೆ ನೋಡಿಕೊಳ್ಳಿ. ಕುಳಿಯ ಬಾವುಟ ಬಂಕರ್ (ಮರಳಿನ ಗುಂಡಿ) ಪಕ್ಕದಲ್ಲಿದ್ದರೆ ಅದರ ಕಡೆ ನೋಡಲೂ ಬೇಡಿ, ಗ್ರೀನ್ ನಡುವಿಗೆ ಗುರಿಯಿಡಿ. ಪಾರ್ 4 ಕುಳಿಯ ಗ್ರೀನನ್ನು ಎರಡೇ ಹೊಡೆತದಲ್ಲಿ ಮುಟ್ಟಲು ಆಗದಿದ್ದರೆ ಅದನ್ನು ನಿಮ್ಮ ಮಟ್ಟಿಗೆ ಪಾರ್ 5 ಅಂದುಕೊಳ್ಳಿ. ಮಧ್ಯೆ ನೀರಿದ್ದರಂತೂ ಹಠ ಬೇಡವೇ ಬೇಡ.

ಮುನ್ನಡೆ ಇದ್ದಾಗಲೂ ಆಟ ಕೈಜಾರಬಹುದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮೂರನೇ ಸುತ್ತು ಮುಗಿದಾಗ ಅದಿತಿ ಏಳು ಹೊಡೆತ ಮುಂದಿದ್ದರು. ಕೊನೆಯ ಸುತ್ತಿನಲ್ಲಿ 77 ಆಯಿತು, ಚಿನ್ನ ಥಾಯ್ಲೆಂಡ್‌ಗೆ ಹೋಯಿತು. ಆದರೂ ಕೈಗೆ ಬಂದ ಆ ಬೆಳ್ಳಿ, ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ. ಇಂಥ ಆಟಗಾರ್ತಿಗೇ ಹೀಗಾಗುತ್ತದೆ ಅಂದಮೇಲೆ, ಒಂದು ಕುಳಿ ಕೆಟ್ಟಿತೆಂದು ನೀವು ಮುಂದಿನದರಲ್ಲಿ ಸೇಡು ತೀರಿಸಿಕೊಳ್ಳಲು ಹೋಗಬೇಡಿ.

ಅಂಕದ ಕಾರ್ಡಿನಲ್ಲಿ ಪ್ರತಿ ಕುಳಿಯ ಪಕ್ಕ ಪಟ್ ಎಷ್ಟಾಯಿತು ಎಂದೂ ಬರೆದಿಡಿ. ಮೂರು ಪಟ್ ಆದ ಕಡೆ, ಮೊದಲನೆಯದನ್ನು ಎಷ್ಟು ಅಡಿಯಿಂದ ಹೊಡೆದಿರಿ ಎಂಬುದೂ ಇರಲಿ. ಮುಂದಿನ ವಾರ ಅಭ್ಯಾಸಕ್ಕೆ ಹೋದಾಗ ಆ ದೂರದಿಂದಲೇ ಶುರು ಮಾಡಿ.